ಕತ್ತಲೆಗಾಲಕ್ಕೂ ಅದರದೇ ಕೆಲಸಗಳಿವೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮದುವೆಯಾದ ಮೇಲೆ ಎಂಟು ವರ್ಷ ಬೆಂಗಳೂರಿನಲ್ಲಿದ್ದೆವು. ಹೋದ ವರ್ಷ ಆಗಸ್ಟ್‌ನಲ್ಲಿ ಯಜಮಾನರ ಕೆಲಸಕ್ಕಾಗಿ ನಾರ್ವೆಯ ಉತ್ತರದ ತುದಿಗೆ, ಫಿನ್‌ಮಾರ್ಕ್‌ನ ಒಂದು ಸಣ್ಣ ಊರಿಗೆ ಬಂದೆವು. ಮಗಳಿಗೆ 7 ವರ್ಷ, ಮಗನಿಗೆ 2. ಟ್ರಾಫಿಕ್ಕು, ಗಲಾಟೆ ಬಿಟ್ಟು ಬೆಟ್ಟ, ಸಮುದ್ರ, ಹಿಮದ ನಡುವೆ ಮಕ್ಕಳ ಜೊತೆ ನೆಮ್ಮದಿಯಾಗಿ ಇರಬಹುದು ಅಂದುಕೊಂಡು ಬಂದೆ. ಆದರೆ ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಸೂರ್ಯನೇ ಕಾಣಲಿಲ್ಲ. ನಾನು ಮನೆ ಬಿಟ್ಟು ಹೊರಗೆ ಹೋಗಿದ್ದೇ ಕಮ್ಮಿ. ಸುಮ್ನೆ ಕೂತಲ್ಲೇ ಅಳು ಬರುತ್ತಿತ್ತು, ಯಜಮಾನರ ಮೇಲೆ ರೇಗುತ್ತಿದ್ದೆ. ಬೇಸಿಗೆಯಲ್ಲಿ ಎಲ್ಲ ಸರಿಹೋಯಿತು. ಈಗ ಅಕ್ಟೋಬರ್, ಮತ್ತೆ ಕತ್ತಲು ಬರುತ್ತಿದೆ ಅಂದರೆ ಎದೆ ಝಲ್ಲೆನ್ನುತ್ತದೆ. ಅಮ್ಮನಿಗೆ ಫೋನಿನಲ್ಲಿ ಚೆನ್ನಾಗಿದ್ದೇವೆ ಅಂತಲೇ ಹೇಳುತ್ತೇನೆ. ಇಂಥ ಜಾಗದಲ್ಲಿ ನಿಜಕ್ಕೂ ನೆಮ್ಮದಿ ಸಿಗುತ್ತಾ ಮೇಡಂ? ಇಲ್ಲ, ವಾಪಸ್ ಹೋಗಿಬಿಡೋಣವೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಹೋದ ಚಳಿಗಾಲ ನಿಮಗೆ ಆಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾನು ಸಾಗರದ ಕಡೆಯವಳು. 16 ವರ್ಷದಿಂದ ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿದ್ದೇನೆ, ಕುಟುಂಬ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತೇನೆ. ನನ್ನ ಮೊದಲ ಚಳಿಗಾಲದಲ್ಲಿ ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ಅಂಟಿಸಿ, ಸೂರ್ಯ ಬರುವ ದಿನದವರೆಗೆ ಒಂದೊಂದೇ ದಿನಕ್ಕೆ ಗೀಟು ಹಾಕುತ್ತಿದ್ದೆ. ಮನೆಯ ಎಲ್ಲ ದೀಪ ಹಾಕಿಕೊಂಡು, ಪರದೆ ಎಳೆದುಕೊಂಡು ಕೂತಿರುತ್ತಿದ್ದೆ. ಎಂಟು ವಾರ ನಾನು ಮಾಡಿದ್ದು ಬರೀ ಕಾಯುವ ಕೆಲಸ. ಈಗ ನನ್ನ ಹತ್ತಿರ ಬರುವ ಹೊಸಬರಲ್ಲಿ ಬಹಳ ಜನ ಮಾಡುವುದೂ ಅದನ್ನೇ. ಕತ್ತಲಿಗಿಂತ ಈ ಕಾಯುವಿಕೆಯೇ ಮನುಷ್ಯರನ್ನು ಜಾಸ್ತಿ ಹಣ್ಣು ಮಾಡುತ್ತದೆ ಅನ್ನೋದು ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡಿದ್ದು.

ನೀವು ತೀರ್ಥಹಳ್ಳಿಯವರು ಅಂದಿರಿ, ಅದಕ್ಕೇ ಕೇಳುತ್ತೇನೆ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಎಷ್ಟು ದಿನ ಕಾಣುತ್ತಿತ್ತು? ಆರಿದ್ರಾ ಮಳೆ ಹಿಡಿದರೆ ಒಣಹಾಕಿದ ಬಟ್ಟೆ ವಾರವಾದರೂ ಒಣಗುತ್ತಿರಲಿಲ್ಲ. ನಾಲ್ಕು ದಿನ ಕರೆಂಟಿಲ್ಲ. ಹಳ್ಳ ತುಂಬಿದರೆ ಪೇಟೆಗೆ ಹೋಗುವ ದಾರಿಯೂ ಬಂದ್. ಆದರೂ ನಿಮ್ಮ ಅಜ್ಜಿ ಮಳೆ ಯಾವಾಗ ನಿಲ್ಲುತ್ತೆ ಅಂತ ಕಿಟಕಿ ಪಕ್ಕ ಕೂತು ಕಾದಿದ್ದು ನೆನಪಿದೆಯಾ? ನನ್ನ ಅಜ್ಜಿಯಂತೂ ಕೂರಲಿಲ್ಲ. ಅವರಿಗೆ ಪುರುಸೊತ್ತೇ ಇರಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಸೌದೆ ಒಟ್ಟಬೇಕು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬಬೇಕು, ಮಿಡಿ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಬೇಕು, ಹಲಸಿನ ಬೀಜ ಎತ್ತಿಡಬೇಕು. ಮಳೆ ಬಂದ ಮೇಲೆ ಕಳಲೆ, ಕೆಸುವಿನೆಲೆ, ಅಣಬೆ. ಹೊಳವಾದ ಎರಡು ದಿನದಲ್ಲಿ ಅಡಿಕೆಗೆ ಕೊಳೆ ಔಷಧಿ. ಸಂಜೆ ಬಚ್ಚಲೊಲೆ ಮುಂದೆ ಮಕ್ಕಳೆಲ್ಲ ಒಟ್ಟಿಗೆ ಕೂರೋದು. ಮಳೆಗಾಲ ಅಂದರೆ ಬೇಸಿಗೆ ಇಲ್ಲದ ಕಾಲ ಅಂತ ಯಾರೂ ಅನ್ನಲಿಲ್ಲ. ಅದಕ್ಕೆ ಅದರದೇ ಊಟ, ಅದರದೇ ಕೆಲಸ, ಅದರದೇ ಮಾತು ಇತ್ತು.

ಇಲ್ಲಿನ ಮೊರ್ಕೆತೀದ್, ಅಂದರೆ ಕತ್ತಲೆಗಾಲವೂ ಹಾಗೇ ಒಂದು ಕಾಲ. ಇಲ್ಲಿ ಹುಟ್ಟಿದವರು ಅದನ್ನು ಬದುಕುವ ರೀತಿ ನೋಡಿದರೆ ಗೊತ್ತಾಗುತ್ತದೆ. ಆಗಸ್ಟ್‌ನಲ್ಲಿ ಜೌಗು ನೆಲದಲ್ಲಿ ಮೊಲ್ಟೆ ಹಣ್ಣು ಕೀಳುತ್ತಾರೆ. ಕಿತ್ತಳೆ ಬಣ್ಣದ ಆ ಹಣ್ಣು ಎಲ್ಲಿ ಚೆನ್ನಾಗಿ ಬಿಡುತ್ತದೆ ಅನ್ನೋದನ್ನು ಒಂದೊಂದು ಮನೆಯವರೂ ಗುಟ್ಟಾಗಿ ಇಟ್ಟುಕೊಂಡಿರುತ್ತಾರೆ, ನಮ್ಮಲ್ಲಿ ಒಳ್ಳೆ ಅಪ್ಪೆಮಿಡಿ ಮರ ಯಾವ ಹೊಳೆದಂಡೆಯಲ್ಲಿದೆ ಅಂತ ಹೇಳುವುದಿಲ್ಲವಲ್ಲ, ಹಾಗೆ. ಸೆಪ್ಟೆಂಬರ್‌ನಲ್ಲಿ ಕೆಂಪು ಟಿಟ್ಟೆಬ್ಯಾರ್ ಹಣ್ಣು. ಆಮೇಲೆ ಸೌದೆ ಜೋಡಿಸುವುದು, ಉಣ್ಣೆ ಬಟ್ಟೆ ಹೊರತೆಗೆಯುವುದು, ಕಿಟಕಿಗೆ ಮೇಣದ ಬತ್ತಿ. ಜನವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡಲು ತೀರಕ್ಕೆ ಬರುವ ಕಾಡ್ ಅನ್ನುವ ಮೀನಿನ ಸುಗ್ಗಿ. ಮೀನುಗಾರರ ಊರುಗಳಲ್ಲಿ ಶಾಲೆ ಮುಗಿಸಿದ ಮಕ್ಕಳು ಬಂದರಿನಲ್ಲಿ ನಿಂತು ಕಾಡ್ ಮೀನಿನ ನಾಲಿಗೆ ಕತ್ತರಿಸಿ ಕೈಕಾಸು ಮಾಡಿಕೊಳ್ಳುವುದನ್ನು ನೀವೂ ನೋಡಿರಬೇಕು. ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರಿಗಂತೂ ವರ್ಷಕ್ಕೆ ಎಂಟು ಕಾಲ. ಹಿಮಸಾರಂಗದ ಜೊತೆ ಬದುಕಿದವರಿಗೆ ನಾಲ್ಕು ಸಾಲುತ್ತಿರಲಿಲ್ಲ. ಚಳಿಗಾಲ ಮತ್ತು ವಸಂತದ ನಡುವೆ ಅವರಿಗೆ ಇನ್ನೊಂದು ಕಾಲವಿದೆ. ಹಿಮವೂ ಗಟ್ಟಿ, ಬೆಳಕೂ ತುಂಬಿರುವ ಮಾರ್ಚ್-ಏಪ್ರಿಲ್. ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಅದೇ ಚೆಂದ.

ಈಗ ನಿಮ್ಮ ಮೈಯ ವಿಚಾರ. ನೆಮ್ಮದಿಯ ಮಾತಿಗಿಂತ ಮೊದಲು ಇದು ಆಗಲೇಬೇಕು. ಈ ಅಕ್ಷಾಂಶದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿನಿಂದ ನಮ್ಮ ಚರ್ಮಕ್ಕೆ ವಿಟಮಿನ್ ಡಿ ಮಾಡಿಕೊಳ್ಳಲು ಆಗುವುದೇ ಇಲ್ಲ. ನಮ್ಮಂಥ ಕಂದು ಮೈಯವರಿಗೆ ಬೇಸಿಗೆಯಲ್ಲೂ ಇಲ್ಲಿಯವರಿಗಿಂತ ಜಾಸ್ತಿ ಹೊತ್ತು ಬೇಕು. ಇಲ್ಲಿಯವರು ಹೆಸರಿನಲ್ಲಿ 'ರ' ಇರುವ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ, ಬೆಳಿಗ್ಗೆ ಒಂದು ಚಮಚ ತ್ರಾನ್ ಕುಡಿಯುತ್ತಾರೆ, ಅಂದರೆ ಕಾಡ್ ಮೀನಿನ ಈಲಿಯ ಎಣ್ಣೆ. ನೀವು ಮೀನು ಮುಟ್ಟದವರಾದರೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಮಾತ್ರೆ, ಹನಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಮಕ್ಕಳಿಗೂ ದೊಡ್ಡವರಿಗೂ ಇಲ್ಲಿ ಹೇಳುವ ಪ್ರಮಾಣ ದಿನಕ್ಕೆ 10 ಮೈಕ್ರೋಗ್ರಾಂ. ನಿಮಗೆ ಅಷ್ಟು ಸಾಕಾಗುತ್ತದೋ ಇಲ್ಲವೋ ರಕ್ತ ಪರೀಕ್ಷೆ ಹೇಳುತ್ತದೆ. ಈ ವಾರವೇ ನಿಮ್ಮ ಫಾಸ್ಟ್‌ಲೇಗೆ, ಅಂದರೆ ನಿಮ್ಮ ಹೆಸರಿಗೆ ಗೊತ್ತುಮಾಡಿರುವ ಡಾಕ್ಟರ ಹತ್ತಿರ ಹೋಗಿ. ವಿಟಮಿನ್ ಡಿ, ಬಿ12, ಕಬ್ಬಿಣ, ಥೈರಾಯ್ಡ್, ನಾಲ್ಕೂ ನೋಡಲು ಹೇಳಿ. ಹೋದ ವರ್ಷದ ಅಳುವಿನ ವಿಷಯವನ್ನೂ ಅವರಿಗೆ ಹೇಳಿ, ಮುಚ್ಚಿಡಬೇಡಿ.

ನಿದ್ದೆ ಇನ್ನೊಂದು. ಕತ್ತಲೆಗಾಲದಲ್ಲಿ ಖಿನ್ನತೆಗಿಂತ ನಿದ್ದೆ ಕೆಟ್ಟಿದೆ ಅಂತ ಬರುವವರೇ ನನ್ನ ಹತ್ತಿರ ಜಾಸ್ತಿ. ಬೆಳಗಿನ ಬೆಳಕು ಕಣ್ಣಿಗೆ ಬೀಳದಿದ್ದರೆ ಮೈಯೊಳಗಿನ ಗಡಿಯಾರ ದಿನದಿನಕ್ಕೂ ಹಿಂದೆ ಬೀಳುತ್ತದೆ. ರಾತ್ರಿ ಎರಡಾದರೂ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದರೆ ಮೈಯೆಲ್ಲ ಭಾರ. ಭಾನುವಾರವೂ ಸೇರಿ ದಿನಾ ಒಂದೇ ಹೊತ್ತಿಗೆ ಏಳಿ. 10 ಸಾವಿರ ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪ ಸಿಗುತ್ತದೆ. ಎದ್ದ ಮೇಲೆ ಅರ್ಧ ಗಂಟೆ ಅದರ ಮುಂದೆ ಕೂತು ಕಾಫಿ ಕುಡಿಯಿರಿ. ಕಣ್ಣಿನ ಕಾಯಿಲೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ ಇದ್ದರೆ, ದೀಪ ಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ.

ಇಷ್ಟಾದ ಮೇಲೆ ನಾನು ನಿಮಗೆ ಹೇಳುವ ದೊಡ್ಡ ಕೆಲಸ ಒಂದೇ. ದಿನಾ ಬೆಳಿಗ್ಗೆ 11 ಗಂಟೆಗೆ ಹೊರಗೆ ಹೋಗಿ.

ಯಾಕೆ 11 ಅಂದರೆ, ಕತ್ತಲೆಗಾಲ ಅನ್ನೋ ಹೆಸರು ಅರ್ಧ ಮಾತ್ರ ನಿಜ. ಡಿಸೆಂಬರ್ 21ರಂದೂ ಟ್ರೊಮ್ಸೊದಲ್ಲಿ ನಡುಹಗಲಿಗೆ ಸೂರ್ಯ ದಿಗಂತದಿಂದ ಬರೀ 3 ಡಿಗ್ರಿ ಕೆಳಗಿರುತ್ತಾನೆ. ಆಕಾಶ ತಿಳಿಯಾಗಿದ್ದರೆ ಒಂಬತ್ತೂವರೆಯಿಂದ ಎರಡರವರೆಗೂ ಮುಸುಕು ಬೆಳಕಿರುತ್ತದೆ. ನೀವು ಇನ್ನೂ ಉತ್ತರದಲ್ಲಿದ್ದೀರಿ, ನಿಮ್ಮಲ್ಲಿ ಸ್ವಲ್ಪ ಕಮ್ಮಿ. ಆ ಬೆಳಕು ಹೇಗಿರುತ್ತದೆ ಅಂತ ಪರದೆ ಎಳೆದುಕೊಂಡ ಮನೆಯೊಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ದಕ್ಷಿಣದ ಬೆಟ್ಟದ ಅಂಚು ಗುಲಾಬಿ, ಉಳಿದದ್ದೆಲ್ಲ ನೀಲಿ. ಹಿಮವೂ ನೀಲಿ, ನಿಮ್ಮ ಮಗನ ಕೆನ್ನೆಯೂ ನೀಲಿ. ಚಳಿ ಸೊನ್ನೆಯ ಆಸುಪಾಸಿನಲ್ಲಿದ್ದರೆ ಹಿಮ ಕಾಲಡಿಗೆ ಮೆತ್ತಗೆ ಅಮುಕುತ್ತದೆ. ಮೈನಸ್ 10 ದಾಟಿದರೆ ಹೊಸ ಚರ್ಮದ ಚಪ್ಪಲಿ ಹಾಗೆ ಕಿರ್ ಕಿರ್ ಅನ್ನುತ್ತದೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ಥರ್ಮಾಮೀಟರ್ ನೋಡದೆ, ಬಾಗಿಲಾಚೆ ಎರಡು ಹೆಜ್ಜೆ ಇಟ್ಟು, ಇವತ್ತು ದಪ್ಪ ಕೈಗವಸು ಬೇಕಮ್ಮ ಅನ್ನುತ್ತಿದ್ದ.

ಇಲ್ಲಿಯವರಿಗೆ 'ತೂರ್' ಅಂತ ಒಂದು ಪದ ಇದೆ. ಸುಮ್ನೆ ಹೊರಗೆ ಹೋಗಿ ನಡೆದು ಬರೋದು. ಹತ್ತು ನಿಮಿಷವಾದರೂ ತೂರ್, ಮೂರು ದಿನವಾದರೂ ತೂರ್. ಬೆಟ್ಟದ ತುದಿ ಮುಟ್ಟಲೇಬೇಕು ಅಂತೇನಿಲ್ಲ, ವ್ಯಾಯಾಮದ ಲೆಕ್ಕವೂ ಇಲ್ಲ. ಸಾಗುವಳಿ ಮಾಡದ ಬಯಲು, ಕಾಡು, ದಡಗಳಲ್ಲಿ ಯಾರು ಬೇಕಾದರೂ ಓಡಾಡಬಹುದು ಅಂತ 1957ರಿಂದ ಕಾಯ್ದೆಯೇ ಇದೆ. ಜನ ವಾಸವಿರುವ ಮನೆಯಿಂದ 150 ಮೀಟರ್ ದೂರ ಬಿಟ್ಟರೆ ಡೇರೆಯನ್ನೂ ಹಾಕಬಹುದು. ಫಿನ್‌ಮಾರ್ಕ್ ಅಂದರೆ ಕರ್ನಾಟಕದ ಕಾಲುಭಾಗದಷ್ಟು ನೆಲ, ಜನ ಸುಮಾರು 75 ಸಾವಿರ. ಬೆಂಗಳೂರಲ್ಲಿ ಮಗುವನ್ನು ಆಡಿಸಲು ಪಾರ್ಕಿನ ಗೇಟು ತೆರೆಯುವ ಹೊತ್ತಿಗೆ ಕಾಯುತ್ತಿದ್ದ ನಿಮಗೆ ಇಷ್ಟು ಜಾಗ ಬಾಗಿಲಾಚೆಗೇ ಇದೆ, ಅಲ್ವಾ?

ಹೊರಡುವುದು ಕಷ್ಟ ಅಂತ ನನಗೆ ಗೊತ್ತು. ಎರಡು ವರ್ಷದ ಮಗುವಿಗೆ ಚಳಿಗಾಲದ ಬಟ್ಟೆ ಹಾಕುವುದೇ ಇಪ್ಪತ್ತು ನಿಮಿಷದ ಕೆಲಸ. ಒಳಗೆ ಉಣ್ಣೆ, ಅದರ ಮೇಲೆ ಇನ್ನೊಂದು ಉಣ್ಣೆ, ಮೇಲೆ ತಲೆಯಿಂದ ಕಾಲಿನವರೆಗೂ ಒಂದೇ ಆದ ಪಾರ್ಕ್‌ಡ್ರೆಸ್. ಎಲ್ಲ ಮುಗಿದು ಜಿಪ್ ಎಳೆದ ಮೇಲೆ ಉಚ್ಚೆ ಅನ್ನುತ್ತಾನೆ. ಮತ್ತೆ ಮೊದಲಿಂದ ಶುರು. ಆದರೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ, ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಚಳಿ ಅಲ್ಲಿಂದಲೇ ಹತ್ತುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ನಿಮ್ಮ ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳಿ, ಇಲ್ಲಿ ಬ್ರೊಡ್ಡೆರ್ ಅನ್ನುತ್ತಾರೆ. ಎಲ್ಲರ ಕೋಟಿಗೂ ಬೆಳಕು ಹೊಡೆಯುವ ಪಟ್ಟಿ ಇರಲಿ. ಹೋದ ವರ್ಷ ನೀವು ಹೊರಗೆ ಹೋಗದಿರಲು ಜಾರಿ ಬೀಳುವ ಭಯವೂ ಒಂದು ಕಾರಣ ಇರಬಹುದು. ಹಾಗೆ ಎಷ್ಟೋ ಜನ ಹೇಳಿದ್ದಾರೆ.

ಮನಸ್ಸು ಹೇಗೆ ನೋಡುತ್ತದೆ ಅನ್ನೋದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಅಮೆರಿಕದ ಮನಃಶಾಸ್ತ್ರಜ್ಞೆ ಕಾರಿ ಲೀಬೊವಿಟ್ಜ್ 2014ರಲ್ಲಿ ಟ್ರೊಮ್ಸೊಗೆ ಬಂದು, ಇಲ್ಲಿನ ವಿಶ್ವವಿದ್ಯಾಲಯದ ಯೋಅರ್ ವಿಟ್ಟರ್ಶೊ ಜೊತೆ ಇದನ್ನೇ ಅಧ್ಯಯನ ಮಾಡಿದರು. ದಕ್ಷಿಣದ ಓಸ್ಲೊ, ಉತ್ತರದ ಟ್ರೊಮ್ಸೊ, ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳು, ಈ ಮೂರೂ ಕಡೆಯ ಜನರನ್ನು ಚಳಿಗಾಲ ನಿಮಗೆ ಹೇಗನ್ನಿಸುತ್ತದೆ ಅಂತ ಕೇಳಿದರು. ಉತ್ತರಕ್ಕೆ ಹೋದಷ್ಟೂ ಕತ್ತಲು ಜಾಸ್ತಿ, ಆದರೆ ಚಳಿಗಾಲದ ಬಗ್ಗೆ ಒಳ್ಳೆಯ ಭಾವನೆಯೂ ಜಾಸ್ತಿ ಇತ್ತು. ಅಂಥವರಿಗೆ ಬದುಕಿನ ಬಗ್ಗೆ ಸಮಾಧಾನವೂ ಹೆಚ್ಚಿತ್ತು. ಇದರಿಂದ, ಒಳ್ಳೆಯದಾಗಿ ಯೋಚಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ತಿಳಿಯಬೇಡಿ. ಸಮಾಧಾನ ಇರುವವರಿಗೇ ಚಳಿಗಾಲವೂ ಚೆಂದ ಕಾಣುತ್ತಿರಬಹುದು. ನನಗೆ ಅನ್ನಿಸುವುದು ಇಷ್ಟು. ಚಳಿಗಾಲವನ್ನು ಇಷ್ಟಪಡುವವರು ಚಳಿಗಾಲದಲ್ಲಿ ಏನಾದರೂ ಮಾಡುತ್ತಿರುತ್ತಾರೆ. ಇಷ್ಟ ಆಮೇಲೆ ಬರುತ್ತದೆ, ಕೆಲಸ ಮೊದಲು.

ಇನ್ನು ಮನೆಯ ವಿಷಯ. ನಿಮ್ಮ ಪತ್ರದಲ್ಲಿ ಯಜಮಾನರ ಬಗ್ಗೆ ಇರುವುದು ಒಂದೇ ಮಾತು, ಅವರ ಮೇಲೆ ರೇಗುತ್ತಿದ್ದೆ ಅಂತ. ಅವರು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ? ಇಲ್ಲಿ ಆಫೀಸು ನಾಲ್ಕಕ್ಕೆ ಮುಗಿಯುತ್ತದೆ. ಐದಕ್ಕೆ ಊರಿನ ಅರ್ಧ ಜನ ರಾತ್ರಿಯ ಊಟಕ್ಕೇ ಕೂತಿರುತ್ತಾರೆ. ನಾರ್ವೆ 1993ರಲ್ಲೇ ಮಗು ಹುಟ್ಟಿದ ಮೇಲಿನ ರಜೆಯಲ್ಲಿ ಅಪ್ಪಂದಿರಿಗೆ ಅಂತಲೇ ನಾಲ್ಕು ವಾರ ಮೀಸಲಿಟ್ಟಿತು, ಈಗ ಅದು 15 ವಾರ. ಮಗುವನ್ನು ಕರೆತರಬೇಕು ಅಂತ ಮೂರೂವರೆಗೆ ಎದ್ದು ಹೊರಟ ಗಂಡಸನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬೇಸರದಿಂದಲೇ ಹೇಳುತ್ತೇನೆ, ನಮ್ಮ ಕಡೆಯಿಂದ ಬಂದ ಎಷ್ಟೋ ಮನೆಗಳಲ್ಲಿ ಯಜಮಾನರು ನಾಲ್ಕಕ್ಕೆ ಬಂದು ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಬೆಂಗಳೂರಿನ ಅಭ್ಯಾಸ ಬಿಟ್ಟಿರುವುದಿಲ್ಲ. ಉತ್ತರದ ಊರು ನಿಮಗೆ ಕೊಡುವ ದೊಡ್ಡ ಆಸ್ತಿ ಅಂದರೆ ನಾಲ್ಕರಿಂದ ಎಂಟರವರೆಗಿನ ಆ ನಾಲ್ಕು ಗಂಟೆ. ಅದನ್ನು ಇಬ್ಬರೂ ಕೂತು ಹಂಚಿಕೊಳ್ಳಿ. ವಾರಕ್ಕೆ ಮೂರು ದಿನ ಅಡುಗೆ ಅವರದು. ಮಕ್ಕಳನ್ನು ಹೆಡ್‌ಲ್ಯಾಂಪ್ ಕಟ್ಟಿ ಹಿಮಗಾಡಿಯಲ್ಲಿ ಜಾರಿಸಲು ಕರೆದುಕೊಂಡು ಹೋಗುವುದೂ ಅವರದು. ಆ ಒಂದು ಗಂಟೆ ಮನೆಯಲ್ಲಿ ನೀವೊಬ್ಬರೇ ಇರಿ. ಹೆಂಡತಿಯೊಬ್ಬಳೇ ಇಡೀ ಮನೆ ಹೊತ್ತುಕೊಂಡಿದ್ದರೆ ಎಷ್ಟು ಚೆಂದದ ಬೆಟ್ಟ, ಸಮುದ್ರ ಇದ್ದರೂ ನೆಮ್ಮದಿ ಬರುವುದಿಲ್ಲ. ಇದನ್ನು ನಾನು ಗಂಡಸರಿಗೆ ಎದುರಿಗೇ ಹೇಳುತ್ತೇನೆ. ಈ ಪತ್ರವನ್ನು ಅವರಿಗೂ ಓದಲು ಕೊಡಿ.

ಬೆಂಗಳೂರಲ್ಲಿ ಅತ್ತೆ, ಪಕ್ಕದ ಮನೆಯವರು, ಕೆಲಸಕ್ಕೆ ಬರುವವಳು, ಅಕ್ಕ ತಂಗಿ ಎಲ್ಲ ಸೇರಿ ಒಂದು ಸಂಸಾರ ನಡೆಯುತ್ತಿತ್ತು. ಇಲ್ಲಿ ಅಷ್ಟೂ ಜನರ ಜಾಗವನ್ನು ಗಂಡ ಹೆಂಡತಿ ಇಬ್ಬರೇ ತುಂಬಲು ಹೋದರೆ ಬಿರುಕು ಬರುತ್ತದೆ. ಮಗನನ್ನು ಬಾರ್ನೆಹಾಗೆಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸಿಲ್ಲದಿದ್ದರೆ ಸೇರಿಸಿ. ಫಿನ್‌ಮಾರ್ಕ್‌ನಲ್ಲಿ 2023ರ ಆಗಸ್ಟ್‌ನಿಂದ ಅದು ಉಚಿತ. ಅವನು ದಿನಾ ಹೊರಗೆ ಆಡುತ್ತಾನೆ, ಮಾತು ಕಲಿಯುತ್ತಾನೆ. ನಿಮಗೆ ಭಾಷೆ ತರಗತಿಗೆ ಹೋಗಲು ಹೊತ್ತು ಸಿಗುತ್ತದೆ. ಇಲ್ಲಿಯ ಜನ ತಾವಾಗಿ ಬಾಗಿಲು ತಟ್ಟಿ ಬರುವುದು ಕಮ್ಮಿ, ಅದನ್ನು ತಾತ್ಸಾರ ಅಂದುಕೊಳ್ಳಬೇಡಿ. ಅವರು ಮಾತಿಗಿಂತ ಕೆಲಸದಲ್ಲಿ ಹತ್ತಿರವಾಗುವವರು. ಶಾಲೆಯಲ್ಲೋ ಬೀದಿಯಲ್ಲೋ 'ದುಗ್ನಾದ್' ಅಂತ ಕರೆ ಬಂದರೆ ತಪ್ಪಿಸಬೇಡಿ. ಎಲ್ಲರೂ ಸೇರಿ ಬೇಲಿಗೆ ಬಣ್ಣ ಹೊಡೆಯೋದು, ಅಂಗಳ ಗುಡಿಸೋದು, ಕೊನೆಗೆ ಕಾಫಿ, ವಾಫೆಲ್. ನಮ್ಮ ಮುಯ್ಯಾಳಿನ ಹಾಗೇ ಅದು. ಒಟ್ಟಿಗೆ ಗದ್ದೆ ನೆಟ್ಟವರ ನಡುವೆ ಪರಿಚಯ ಮಾಡಿಸುವವರು ಯಾಕೆ ಬೇಕು?

ಇನ್ನೊಂದು ದಾರಿಯೂ ಇದೆ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ, ಈ ಮನೆ ಕಟ್ಟಿದ್ದು ಯಾವಾಗ ಅಂತ ಕೇಳಿ ನೋಡಿ. 1944ರ ಶರತ್ಕಾಲದಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಫಿನ್‌ಮಾರ್ಕನ್ನೂ ಪಕ್ಕದ ಟ್ರೊಮ್ಸ್ ಪ್ರಾಂತ್ಯದ ಉತ್ತರ ಭಾಗವನ್ನೂ ಸುಟ್ಟುಹಾಕಿತು. ಮನೆ, ಶಾಲೆ, ದೋಣಿಕಟ್ಟೆ, ಕೊಟ್ಟಿಗೆ ಯಾವುದನ್ನೂ ಬಿಡಲಿಲ್ಲ ಅನ್ನಬಹುದು. ಸುಮಾರು 50 ಸಾವಿರ ಜನರನ್ನು ದಕ್ಷಿಣಕ್ಕೆ ಹೊರಡಿಸಿತು. ಸುಮಾರು 25 ಸಾವಿರ ಜನ ಹೋಗದೆ ಗುಹೆಗಳಲ್ಲಿ, ಹುಲ್ಲುಹೆಂಟೆಯ ಗುಡಿಸಲುಗಳಲ್ಲಿ ಅಡಗಿದರು. ಶಿರ್ಕೆನೆಸ್ ಹತ್ತಿರದ ಬ್ಯೋರ್ನೆವಾಟ್ನ್ ಗಣಿಯ ಸುರಂಗದಲ್ಲಿ ಮೂರು ಸಾವಿರದಷ್ಟು ಜನ ಇದ್ದರು, ಅಲ್ಲೇ ಹತ್ತು ಮಕ್ಕಳು ಹುಟ್ಟಿದವು. ಯುದ್ಧ ಮುಗಿದ ಮೇಲೆ ದಕ್ಷಿಣಕ್ಕೆ ಹೋಗಿದ್ದವರು ಬೂದಿಗೇ ವಾಪಸ್ ಬಂದರು. ನಿಮ್ಮ ಬೀದಿಯ ಚೌಕಾಕಾರದ ಚಿಕ್ಕ ಮರದ ಮನೆಗಳು ಬಹುಶಃ ಆಗ ಎದ್ದವೇ. ಅಜ್ಜ ಅಜ್ಜಿ ಆ ಮನೆಯ ಕಥೆ ಹೇಳಲು ಶುರು ಮಾಡಿದರೆ ಕಾಫಿ ಮೂರು ಸಲ ತುಂಬುತ್ತದೆ. ನಿಮ್ಮ ಭಾಷೆ ಅರೆಬರೆ ಇದ್ದರೂ ಪರವಾಗಿಲ್ಲ, ಕೇಳುವವರು ಸಿಕ್ಕಿದ್ದೇ ಅವರಿಗೆ ಸಂತೋಷ.

ಅಮ್ಮನಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಿ. ಚೆನ್ನಾಗಿದ್ದೇವೆ ಅಂತ ದಿನಾ ನಟಿಸುವುದಕ್ಕೇ ನಿಮ್ಮ ಅರ್ಧ ಶಕ್ತಿ ಹೋಗುತ್ತಿದೆ. ಚಳಿಗಾಲದಲ್ಲಿ ನಿಮ್ಮ 11 ಗಂಟೆ ಅಂದರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಅಮ್ಮ ಒಂದು ನಿದ್ದೆ ಮುಗಿಸಿ ಕಾಫಿಗೆ ಇಟ್ಟಿರುವ ಹೊತ್ತು. ಹೊರಗಿನಿಂದಲೇ ವಿಡಿಯೋ ಕಾಲ್ ಮಾಡಿ. ಆ ನೀಲಿ ಬೆಳಕು ತೋರಿಸಿ, ಇವತ್ತು ಮನಸ್ಸು ಸರಿ ಇಲ್ಲಮ್ಮ ಅಂತಲೂ ಹೇಳಿ. ಆಗುಂಬೆ ಮಳೆ ಕಂಡವರಿಗೆ ಇದು ಅರ್ಥವಾಗದೇ ಇರುವುದಿಲ್ಲ.

ವಾಪಸ್ ಹೋಗುವುದಾ? ಹೋಗುವುದರಲ್ಲಿ ಸೋಲೇನೂ ಇಲ್ಲ. ನಾನೇ ಕೆಲವು ಕುಟುಂಬಗಳಿಗೆ ಹೊರಡಿ ಅಂದಿದ್ದೇನೆ. ಆದರೆ ಜನವರಿಯಲ್ಲಿ ಆ ನಿರ್ಧಾರ ಮಾಡಬೇಡಿ, ಜುಲೈನಲ್ಲೂ ಬೇಡ. ಜನವರಿಯಲ್ಲಿ ಎಲ್ಲ ಕಪ್ಪು ಕಾಣುತ್ತದೆ. ಜುಲೈನಲ್ಲಿ ರಾತ್ರಿ ಹನ್ನೊಂದಕ್ಕೂ ಮಕ್ಕಳು ಬೀದಿಯಲ್ಲಿ ಸೈಕಲ್ ಹೊಡೆಯುತ್ತಿರುವಾಗ ಯಾವ ಕಷ್ಟವೂ ನೆನಪಿರುವುದಿಲ್ಲ. ಮಾರ್ಚ್ 20ರ ಸುಮಾರಿಗೆ, ಹಗಲು ರಾತ್ರಿ ಸಮವಾಗಿರುವಾಗ ಇಬ್ಬರೂ ಕೂತು ಮಾತಾಡಿ. ಅಷ್ಟರೊಳಗೆ ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಎರಡು ವಾರ ಹೆಚ್ಚೂಕಮ್ಮಿ ದಿನವಿಡೀ ಅಳು, ಊಟ ನಿದ್ದೆ ಬೇಡ, ಮಕ್ಕಳ ಮುಖ ನೋಡಿದರೂ ಏನೂ ಅನ್ನಿಸುತ್ತಿಲ್ಲ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ತೂರ್ ಒಂದರಿಂದ ಅದು ಹೋಗುವುದಿಲ್ಲ. ಬದುಕುವುದೇ ಬೇಡ ಅನ್ನಿಸಿದರೆ ಆ ಗಳಿಗೆಯಲ್ಲೇ ಯಜಮಾನರಿಗೆ ಹೇಳಿ. 116117ಕ್ಕೆ ಫೋನ್ ಮಾಡಿದರೆ ರಾತ್ರಿ ಎಷ್ಟು ಹೊತ್ತಾದರೂ ಡಾಕ್ಟರ ಕಡೆಯವರು ಸಿಗುತ್ತಾರೆ. ಜೀವಕ್ಕೆ ಅಪಾಯ ಅನ್ನಿಸಿದರೆ 113.

ನಿಮ್ಮ ಊರಲ್ಲಿ ಸೂರ್ಯ ಮರೆಯಾಗಲು ಇನ್ನೂ ಕೆಲವು ವಾರ ಇದೆ. ಈ ಭಾನುವಾರದಿಂದಲೇ ಶುರು ಮಾಡಿ. ಸೆಪ್ಟೆಂಬರ್ 15 ಕಳೆದಿದೆ, ಕಾಡಿನಲ್ಲಿ ಬೆಂಕಿ ಹಾಕಬಾರದು ಅನ್ನುವ ಬೇಸಿಗೆಯ ನಿಯಮ ಮುಗಿದಿದೆ. ಸಮುದ್ರದ ದಂಡೆಗೆ ಹೋಗಿ ಕಲ್ಲು ಸುತ್ತ ಇಟ್ಟು ಸಣ್ಣ ಬೆಂಕಿ ಮಾಡಿ. ಇಲ್ಲಿಯವರು ಬ್ರೆಡ್ಡಿನ ಹಿಟ್ಟನ್ನು ಕೋಲಿಗೆ ಸುತ್ತಿ ಕೆಂಡದ ಮೇಲೆ ಸುಡುತ್ತಾರೆ. ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಉಪ್ಪು, ಜೀರಿಗೆ ಹಾಕಿಕೊಂಡು ಹೋದರೂ ಚೆನ್ನಾಗಿ ಬೇಯುತ್ತದೆ, ನಾನು ಮಾಡಿದ್ದೇನೆ. ತೆಳ್ಳಗೆ ಸುತ್ತಬೇಕು, ದಪ್ಪ ಆದರೆ ಒಳಗೆ ಹಸಿ ಉಳಿಯುತ್ತದೆ. ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಿಟ್ಟು ಯಜಮಾನರು ಕಲಸಲಿ. ಬಿದ್ದ ಕೊಂಬೆಗಳಲ್ಲಿ ಸರಿಯಾದ ಕೋಲು ಹುಡುಕುವ ಕೆಲಸ ಮಗಳಿಗೆ ಬಿಡಿ.